ಸೋತ ಪಂದ್ಯದ ಬಿಸಿನೀರು

ಚೆಂಡು ಎದೆಮಟ್ಟಕ್ಕೆ ಹಾರಿ ಬಂದಾಗ ನಮ್ಮ ಗೋಲ್‌ಕೀಪರ್ ರಾಘು ಕೈ ಚಾಚಿದವನು ತಟ್ಟನೆ ಹಿಂದಕ್ಕೆಳೆದುಕೊಂಡ. ಚೆಂಡು ಒಳಗೆ ಹೋಯಿತು. ಗದಗಿನ ನಮ್ಮ ಕಾಲೇಜು ಆ ಒಂದೇ ಗೋಲಿನಿಂದ ಧಾರವಾಡದವರಿಗೆ ಸೋತಿತು.

ಏಕೀಕರಣದ ಕೂಗು ಜೋರಾಗಿದ್ದ ವರ್ಷಗಳವು. ನನಗಂತೂ ರಾಘುವಿನ ಮೇಲೆ ಮೊದಲಿನಿಂದಲೂ ಗುಮಾನಿ. ಗುಡಿಯ ಅರ್ಚಕರ ಮಗ ಚರ್ಮದ ಚೆಂಡನ್ನು ಮನಸ್ಸಿಟ್ಟು ಮುಟ್ಟುತ್ತಾನೆಯೇ? ಆಡುವಾಗಲೂ ನಾನು ಹಿಂತಿರುಗಿ ಅವನ ಕೈಗಳನ್ನೇ ನೋಡುತ್ತಿದ್ದೆ. ಅಂದು ಅವನು ಕೈ ಎಳೆದುಕೊಂಡದ್ದೇಕೆಂದು ಆಮೇಲೆ ತಿಳಿಯಿತು: ಗೋಲುಕಂಬದ ಪಕ್ಕದಲ್ಲೇ ಅವನಪ್ಪ ಭೀಮಾಚಾರ್ಯರು ನಿಂತಿದ್ದರು.

ಮಗನನ್ನು ಆಟ ಬಿಡಿಸಿ ಎಳೆದೊಯ್ಯಲೆಂದೇ ಬಂದಿದ್ದಾರೆ ಎಂದುಕೊಂಡೆ. ಪಂದ್ಯ ಮುಗಿದೊಡನೆ ಆಚಾರ್ಯರು ನೆಟ್ಟಗೆ ಅವನೆದುರು ಹೋಗಿ ನಿಂತರು.

"ನನ್ನ ನೋಡಿ ಕೈ ಹಿಂದ ತೊಗೊಂಡಿ, ಹೌದಿಲ್ಲೋ? ಮೈಲಿಗಿ ಆದ್ರ ಸ್ನಾನ ಮಾಡಿದ್ರ ಆತು. ಬಿಟ್ಟ ಗೋಲ್ ತಿರುಗಿ ಬರ್ತದೇನು?"

ಆದರೂ ನನಗೆ ನಂಬಿಕೆ ಬರಲಿಲ್ಲ. ಮಂದಿಯ ಮುಂದೆ ಯಾರಾದರೂ ಹಾಗೆ ಅಂದಾರು. ಮನೆಗೆ ಹೋದ ಮೇಲಿನ ಮಾತೇ ಬೇರೆ. ಮರುದಿನ ಸಂಜೆ, ನಾವು ಆಡುವ ಹೊತ್ತಿಗೆ, ಖಾತ್ರಿ ಮಾಡಿಕೊಳ್ಳಲು ಅವರ ಮನೆಗೇ ಹೋದೆ.

ರಾಘು ಆಗಲೇ ಮೈದಾನಕ್ಕೆ ಹೋಗಿದ್ದ. ಆಚಾರ್ಯರು ಬಚ್ಚಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗ ಬರುವಷ್ಟರಲ್ಲಿ ನೀರು ಕಾಯಲೆಂದು ಹಂಡೆಯ ಕೆಳಗೆ ಕಟ್ಟಿಗೆ ಒಟ್ಟುತ್ತಿದ್ದರು. ಮುಂದಿನ ವರ್ಷ ನಾವು ಗೆಲ್ಲಬಹುದೆಂದು ನನಗೆ ಮೊದಲ ಸಲ ಅನ್ನಿಸಿದ್ದು ಆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ನಿಂತಾಗ.