ಹಳ್ಳ ಸರ್ಕಾರದ್ದು, ದಡ ಸಾಹುಕಾರರದ್ದು

ಬಣಕಲ್ ಹತ್ತಿರ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ರಿಪೇರಿಗೆ ಹೋದವನು, ಕೆಲಸ ಮುಗಿದ ಮೇಲೆ ಪಕ್ಕದ ಕಾಫಿ ತೋಟದೊಳಗೆ ಹರಿಯುವ ಹಳ್ಳಕ್ಕಿಳಿದು ಗಾಳ ಹಾಕಿದೆ. ತೋಟದ ಸಾಹುಕಾರರು ಕೊಡೆ ಊರುತ್ತಾ ಬಂದರು.

“ಯಾರನ್ನ ಕೇಳಿ ಇಳಿದ್ರಿ? ಇದು ನಮ್ಮ ಜಾಗ.”

“ದಡ ನಿಮ್ದು, ಹಳ್ಳ ಸರ್ಕಾರದ್ದು. ನಾನಿರೋದು ನೀರಲ್ಲಿ,” ಅಂದೆ.

ಅವರು ಸಿಟ್ಟಾಗಲಿಲ್ಲ. “ಸರಿ ಮಾರಾಯ್ರೆ, ಹಂಗಾದ್ರೆ ನೀರಲ್ಲೇ ಹೋಗಿ. ದಡಕ್ಕೆ ಕಾಲಿಡಬೇಡಿ.”

ಮರ್ಯಾದೆ ಪ್ರಶ್ನೆ. ರಸ್ತೆಯ ಸೇತುವೆವರೆಗೂ ಸೊಂಟದುದ್ದ ನೀರಲ್ಲಿ ಜಾರುತ್ತಾ ಬೀಳುತ್ತಾ ನಡೆದೆ. ಅವರು ದಡದ ಮೇಲೆ ಕಾವಲಿಗೆ ಬಂದವರು, ದಾರಿಯುದ್ದಕ್ಕೂ ನನ್ನ ಊರು, ಹೆಂಡತಿಯ ತವರು ಎಲ್ಲ ವಿಚಾರಿಸಿಕೊಂಡರು. ಕೊನೆಗೆ ಕೈಕೊಟ್ಟು ಮೇಲೆಳೆದು, “ಎಷ್ಟು ಮೀನು ಸಿಕ್ತು?” ಅಂದರು.

ಖಾಲಿ ಚೀಲ ತೋರಿಸಿದೆ. ಕಾನೂನು ನನ್ನ ಪರವಾಗಿತ್ತು, ಮೀನುಗಳು ಮಾತ್ರ ಸಾಹುಕಾರರ ಪರ.