ತಿನ್ನುವವರ ಪಾಲಿನ ಕೋಳಿ

ಹಳೆಯ ವಿಡಿಯೋ ಗೇಮಿನ ಮಾತೆತ್ತಿ ಯಾರಾದರೂ ಕಣ್ಣರಳಿಸಿದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಟೊರಾಂಟೊದ ಡೌನ್‌ಟೌನಿನಲ್ಲಿ ಆ ಕಾಲದ ಮಶೀನುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಬಿಯರ್ ಮಾರುವ ಬಾರುಗಳಿವೆ. ಹೊಟ್ಟೆ ಬಂದ ಗಂಡಸರು ಅಲ್ಲಿ ಜಾಯ್‌ಸ್ಟಿಕ್ ಹಿಡಿದುಕೊಂಡು, ಆಗ ಎಲ್ಲರೂ ಹೆಗಲಿಗೆ ಹೆಗಲು ಕೊಟ್ಟು ಆಡುತ್ತಿದ್ದೆವು, ಈಗಿನ ಮಕ್ಕಳಿಗೆ ಆ ಪ್ರೀತಿ ಎಲ್ಲಿ ಗೊತ್ತು ಎಂದು ನಿಟ್ಟುಸಿರು ಬಿಡುತ್ತಾರೆ. ಬಿಡಲಿ. ಅವರ ಉಸಿರು, ಅವರ ಬಿಯರು. ನನ್ನೆದುರು ಮಾತ್ರ ಬಿಡಬಾರದು. ಆ ಹೆಗಲುಗಳ ಬಗ್ಗೆ ನನಗೂ ಸ್ವಲ್ಪ ಗೊತ್ತಿದೆ.

ನಮ್ಮ ಗೇಮ್ ಪಾರ್ಲರ್ ಇದ್ದದ್ದು ಹುಬ್ಬಳ್ಳಿಯಲ್ಲಿ, ದುರ್ಗದಬೈಲಿನ ಹಿಂದಿನ ಓಣಿಯ ಒಂದು ಸೀರೆ ಅಂಗಡಿಯ ಮೇಲೆ. ತೊಂಬತ್ತರ ದಶಕ. ಫ್ಯಾನಿಲ್ಲದ ಉದ್ದನೆಯ ಕೋಣೆ, ಬೆವರಿನ ನಾತ, ನಡುವೆ ನಾಲ್ಕು ಜನ ಒಟ್ಟಿಗೆ ನಿಂತು ಆಡುವ ಒಂದು ಮಶೀನು. ತೆರೆಯ ಮೇಲೆ ನಾಲ್ವರು ಜಟ್ಟಿಗಳು ಬೀದಿಯುದ್ದಕ್ಕೂ ನಡೆಯುತ್ತ ಹೋಗಬೇಕು, ಅಡ್ಡ ಬಂದ ಗೂಂಡಾಗಳನ್ನು ಗುದ್ದಬೇಕು, ಒದೆಯಬೇಕು, ಎತ್ತಿ ಒಗೆಯಬೇಕು. ಅಷ್ಟೇ ಆಟ. ದಾರಿಯಲ್ಲಿ ಡ್ರಮ್ಮುಗಳಿರುತ್ತವೆ, ಒಡೆದರೆ ಒಳಗಿನಿಂದ ಊಟ ಬೀಳುತ್ತದೆ. ಸೇಬು ಬಿದ್ದರೆ ನಿಮ್ಮ ಜೀವ ಒಂದಿಷ್ಟು ಏರುತ್ತದೆ. ಹುರಿದ ಇಡೀ ಕೋಳಿ ಬಿದ್ದರೆ ಪೂರ್ತಿ ತುಂಬಿಕೊಳ್ಳುತ್ತದೆ. ಬೀದಿಯಲ್ಲಿ ಬಿದ್ದದ್ದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುವುದು ಯಾವ ದೇಶದ ಪದ್ಧತಿಯೋ, ನಾವು ಕೇಳಲಿಲ್ಲ.

ನನ್ನ ಪಕ್ಕದಲ್ಲಿ ಯಾವಾಗಲೂ ನಿಲ್ಲುತ್ತಿದ್ದವನು ಶಾಲೆಯಲ್ಲಿ ನನ್ನ ಬೆಂಚಿನ ಗೆಳೆಯ. ಅವರದು ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವ ಮನೆ. ಅವನು ಆಟದಲ್ಲೂ ಕೋಳಿ ಮುಟ್ಟುತ್ತಿರಲಿಲ್ಲ. ಜೀವ ಕೂದಲೆಳೆಯಷ್ಟು ಉಳಿದಿರಲಿ, ಕೋಳಿ ಕಾಲ ಬುಡದಲ್ಲೇ ಇರಲಿ, ಅದಕ್ಕೊಂದು ಸುತ್ತು ಹಾಕಿ ಹೋಗಿ ಗೂಂಡಾನ ಕೈಯಲ್ಲಿ ಸಾಯುತ್ತಿದ್ದ. ಒಮ್ಮೆ ಗಡಿಬಿಡಿಯಲ್ಲಿ ಬಟನ್ ಒತ್ತಿ ಅವನ ಜಟ್ಟಿ ಕೋಳಿ ತಿಂದೇಬಿಟ್ಟ. ಇವನು ಜಾಯ್‌ಸ್ಟಿಕ್ ಬಿಟ್ಟು ಕಿಟಕಿಯ ಹತ್ತಿರ ಹೋಗಿ ಓಣಿಗೆ ಉಗುಳಿ ಬಂದ.

"ನಮ್ಮವ್ವನ ಮುಂದ ಹೇಳಬ್ಯಾಡಲೇ," ಎಂದು ನನ್ನ ಕೈ ಹಿಡಿದುಕೊಂಡ. ನಾನು ಹೇಳಲಿಲ್ಲ.

ಕೋಳಿ ಬಿದ್ದಾಗಲೆಲ್ಲ ಅವನು, "ಅದು ನಿಂದು, ತಗೋ," ಎನ್ನುತ್ತಿದ್ದ. ಉಳಿದ ಹುಡುಗರು ಒಂದು ಕೋಳಿಗಾಗಿ ಕಾಲರ್ ಹಿಡಿದು ಕಿತ್ತಾಡುವಾಗ ನನಗೆ ಮಾತ್ರ ಎರಡು ಪಾಲು. ಹಾಗಾಗಿ ನಾನು ಕೊನೆಯವರೆಗೆ ಬದುಕಿರುತ್ತಿದ್ದೆ. ತನ್ನ ಪಾಲನ್ನು ಗೆಳೆಯನಿಗೆ ಬಿಟ್ಟುಕೊಟ್ಟು ತಾನು ಸಾಯುವಂಥವನು ಇನ್ನೆಲ್ಲಿ ಸಿಗುತ್ತಾನೆ ಎಂದು ಎದೆಯುಬ್ಬಿಸಿಕೊಂಡು ತಿರುಗಾಡಿದ್ದೇನೆ. ವರ್ಷಗಟ್ಟಲೆ. ನೆನೆಸಿಕೊಂಡರೆ ಈಗ ಪಿತ್ತ ನೆತ್ತಿಗೇರುತ್ತದೆ.

ನಮ್ಮ ಕಡೆ ಒಂದು ಮಾತಿದೆ, 'ತಿನ್ನೋ ಮಂದಿ'. ಏನು ತಿನ್ನುವವರು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಭೂಮಿಯ ಮೇಲೆ ಎಲ್ಲರೂ ಏನಾದರೊಂದು ತಿಂದೇ ಬದುಕಿರುವುದು, ಆದರೆ ಆ ಮಾತು ಅನ್ವಯಿಸುವುದು ನಮ್ಮಂಥವರಿಗಷ್ಟೇ. ಅಪ್ಪ ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ, "ನೀವು ತಿನ್ನೋರೇನ್ರಿ?" ಎಂಬ ಪ್ರಶ್ನೆ ಬಾಗಿಲಲ್ಲೇ ಎದುರಾಗುತ್ತಿತ್ತು. ಅಪ್ಪ ಹೌದೆನ್ನುತ್ತಿದ್ದ. ಆಗ ಆ ಮನೆಗೆ ಇದ್ದಕ್ಕಿದ್ದಂತೆ ಊರಿನಿಂದ ಅಳಿಯನೋ ತಮ್ಮನೋ ಇರಲು ಬರುವವರಾಗುತ್ತಿದ್ದರು.

ಎರಡು ಸಾವಿರದ ಹದಿನೆಂಟರಲ್ಲಿ ನಾನು ಮೊದಲು ಒಬ್ಬನೇ ಕೆನಡಾಕ್ಕೆ ಬಂದೆ. ಟೊರಾಂಟೊದ ನಾರ್ತ್ ಯಾರ್ಕಿನಲ್ಲಿ, ಓದಲು ಬಂದ ಕರ್ನಾಟಕದ ಹುಡುಗರ ಅಪಾರ್ಟ್‌ಮೆಂಟಿನ ಹಾಲಿನ ಮೂಲೆಯಲ್ಲಿ ನನ್ನ ಹಾಸಿಗೆ. ವೇರ್‌ಹೌಸೊಂದರಲ್ಲಿ ಬೆಳಗಿನ ಶಿಫ್ಟು. ಹೆಂಡತಿ, ಮಗಳು ಹುಬ್ಬಳ್ಳಿಯಲ್ಲಿದ್ದರು. ಬೇಸಿಗೆ ಮುಗಿದು ಶಾಲೆ ಶುರುವಾಗುವ ಮೊದಲು ಬರಲು ಅವರ ಟಿಕೆಟ್ ಆಗಿತ್ತು, ಅಷ್ಟರೊಳಗೆ ನಾನು ಮನೆ ಹುಡುಕಬೇಕಿತ್ತು.

ಹೆಂಡತಿಗೆ ಮನೆ ಎಷ್ಟು ದೊಡ್ಡದು, ಎಲ್ಲಿ, ಯಾವುದೂ ಬೇಕಿರಲಿಲ್ಲ. ಫೋನಿನಲ್ಲಿ ಒಂದೇ ಮಾತು. "ಮದಲ ಕೇಳಿ ಹಿಡೀರಿ. ನಾವು ಉಣ್ಣೂದನ್ನ ರಾಜಾರೋಷ ಮಾಡ್ಕೊಂಡು ಉಣ್ಣಂಗಿರಬೇಕು. ಅಂಜ್ಕೊಂತ ಅಡಿಗಿ ಮಾಡಿ ನನಗ ಸಾಕಾಗೇತಿ." ಮಗಳು ಹಾಗೆ ಅಂಜಿಕೊಂಡು ಬೆಳೆಯುವಂಥ ಮನೆ ಬೇಡ ಎಂದಳು. ಅದೊಂದನ್ನು ಕೊಡಿಸದಿದ್ದರೆ ಈ ದೇಶಕ್ಕೆ ಬಂದು ನಾನು ಕಿಸಿದದ್ದೇನು?

ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಮಾಲೀಕರ ಮನೆಯಡಿ ಬಾಡಿಗೆಗಿರುವ ಬೇಸ್‌ಮೆಂಟುಗಳಿಗೇನು ಬರವಿರಲಿಲ್ಲ. ಟೊರಾಂಟೊ ಹೊರಗಿನ ಪಿಕರಿಂಗಿನ ಮನೆಯೊಂದಕ್ಕೆ ಫೋನು ಮಾಡಿದೆ. ಬೆಂಗಳೂರಿನ ಹೆಣ್ಣುಮಗಳು, ಬಹಳ ಮರ್ಯಾದೆಯ ಮಾತು. "ವೆಜ್ ತಾನೆ ನೀವು? ಇಲ್ಲ, ನಮಗೇನೂ ಪ್ರಾಬ್ಲಮ್ ಇಲ್ಲ, ಹೊರಗಡೆ ಏನ್ ಬೇಕಾದ್ರೂ ತಿನ್ಕೊಳ್ಳಿ. ಸ್ಮೆಲ್ ಮೇಲಕ್ಕೆ ಬರಬಾರ್ದು, ಅಷ್ಟೇ." ಅಣುಸ್ಥಾವರವಿರುವ ಆ ಊರಿನಲ್ಲಿ ನಿಶ್ಚಿಂತೆಯಿಂದ ಸಂಸಾರ ಹೂಡಿದವರು ನನ್ನ ಹೆಂಡತಿಯ ಒಗ್ಗರಣೆಗೆ ಹೆದರಿದ್ದರು. ಕನ್ನಡದವರಲ್ಲದ ಮಾಲೀಕರು ಏನು ತಿನ್ನುತ್ತೀರೆಂದು ಕೇಳಲಿಲ್ಲ. ಅವರಿಗೆ ಈ ದೇಶದ್ದೇ ಕ್ರೆಡಿಟ್ ಹಿಸ್ಟರಿ ಬೇಕಿತ್ತು. ನಿನ್ನೆ ಮೊನ್ನೆ ಬಂದಿಳಿದವನ ಹತ್ತಿರ ಅದೆಲ್ಲಿಂದ ಬರಬೇಕು?

ಅಂಥದರಲ್ಲಿ ಆ ಬೆಂಚಿನ ಗೆಳೆಯ ಸಿಕ್ಕ. ಅದೇ ಗ್ರೂಪಿನಲ್ಲಿ ನನ್ನ ಹೆಸರು ನೋಡಿ ಫೋನು ಮಾಡಿದ್ದ. ಪಿಕರಿಂಗಿನ ಆಚೆ ವಿಟ್ಬಿಯಲ್ಲಿ ಸ್ವಂತ ಮನೆ.

"ಲೇ ಮಗನ, ನೀನ ಏನಲೇ? ಎಷ್ಟ್ ವರ್ಷ ಆತೋ. ನಾ ಬೇಸ್‌ಮೆಂಟ್‌ನ್ಯಾಗ ಮಶೀನ್ ಇಟ್ಟೀನಿ. ನಮ್ಮ ಮಶೀನ್, ನಾಕ್ ಮಂದೀದು. ಶನಿವಾರ ಬಾ, ಆಡೂಣು. ಈ ಕಡೆ ಸೈಡಿನ್ಯಾಗ ಟೆನಂಟ್ ಇದ್ರು, ಹ್ವಾದ ತಿಂಗಳ ಬಿಟ್ರು, ಖಾಲಿನ ಬಿದ್ದೈತಿ. ಗದ್ದಲ ಮಾಡಿದ್ರ ಯಾರೂ ಕೇಳವ್ರಿಲ್ಲ."

ಫೋನಿಟ್ಟ ಕೂಡಲೇ ಹೆಂಡತಿಗೆ ಹೇಳಿದೆ, ಮನೆ ಸಿಕ್ಕಂತೆಯೇ ಎಂದು. ನಾವು ಎಂಥವರೆಂದು ಗೊತ್ತಿದ್ದೂ ಕರೆಯುತ್ತಿದ್ದಾನಲ್ಲ, ಕೇಳುವ ಪ್ರಶ್ನೆಯೇ ಬರುವುದಿಲ್ಲ ಎಂದು. ಅವಳು ಪರದೆಗೆ ಯಾವ ಬಣ್ಣ ಎನ್ನುವವರೆಗೆ ಹೋದಳು.

ಶನಿವಾರ ಮಧ್ಯಾಹ್ನ ಟ್ರೇನಿನಲ್ಲಿ ವಿಟ್ಬಿಗೆ ಹೋದೆ. ಸ್ಟೇಷನ್ನಿಗೇ ಬಂದು ತಬ್ಬಿಕೊಂಡ. ಅವನ ಬೇಸ್‌ಮೆಂಟಿನಲ್ಲಿ ಮಶೀನು ಹೊಸ ಪೇಂಟು ಹಚ್ಚಿಕೊಂಡು ಮದುಮಗನ ಹಾಗೆ ನಿಂತಿತ್ತು. ಬೆಳಗಾವಿ ಮತ್ತು ಧಾರವಾಡದ ಇಬ್ಬರು ಆಗಲೇ ಬಂದಿದ್ದರು, ಶನಿವಾರದ ಕಾಯಂ ಗಿರಾಕಿಗಳು. ನಾಲ್ವರೂ ನಿಂತೆವು. ಕೈಗಳು ಏನನ್ನೂ ಮರೆತಿರಲಿಲ್ಲ. ಒಂದಿಷ್ಟು ಹೊತ್ತು, ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತುಂಬ ಖುಷಿಪಟ್ಟೆ.

ಆಮೇಲೆ ಡ್ರಮ್ಮಿನಿಂದ ಕೋಳಿ ಬಿತ್ತು. "ಅದು ನಿಂದು, ತಗೋ," ಎಂದ. ಇಬ್ಬರು ಗಿರಾಕಿಗಳೂ ಬಿದ್ದು ಬಿದ್ದು ನಕ್ಕರು. ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅವನ ಮಗಳು, ಹೈಸ್ಕೂಲು ಹುಡುಗಿ, ಮಿರ್ಚಿಯ ತಾಟು ಹಿಡಿದು ಇಳಿದು ಬಂದಳು. ನನ್ನ ಮುಖ ನೋಡಿ, "ಓ, ಯು ಆರ್ ದ ಕೋಳಿ ಅಂಕಲ್?" ಎಂದಳು. ಪಾಪ, ನಗುತ್ತಲೇ ಕೇಳಿದಳು. ಆ ಮನೆಯಲ್ಲಿ ನನಗಿದ್ದ ಹೆಸರು ಅದೊಂದೇ.

"ಹೌದವಾ, ಇಂವನ," ಎಂದು ಗೆಳೆಯ ನನ್ನ ಹೆಗಲ ಮೇಲೆ ಕೈ ಹಾಕಿದ. ಮತ್ತೆ ಆ ಇಬ್ಬರಿಗೆ, "ಹೇಳಿರಲಿಲ್ಲೇನು, ನನ್ನ ಪಾಲಿನ ಕೋಳಿ ತಿನ್ನಾಕ ಒಬ್ಬನ್ನ ಇಟ್ಕೊಂಡಿದ್ದೆ ಅಂತ. ಇಂವನ ಅಂವ."

ಇಟ್ಟುಕೊಂಡಿದ್ದನಂತೆ. ಎಂಜಲು ಹಾಕಲು ನಾಯಿ ಇಟ್ಟುಕೊಂಡ ಹಾಗೆ. ಪ್ರತಿ ಶನಿವಾರ ಮಿರ್ಚಿಯ ಜೊತೆ ಈ ಕಥೆಯನ್ನು ಹಂಚಿಕೊಂಡು ಬಂದಿದ್ದ. ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಿಜವಾದ ಅಕ್ಕರೆಯೇ ಇತ್ತು. ಅದಕ್ಕೇ ಅಲ್ಲಿಯೇ ಅವನ ಹಲ್ಲು ಉದುರಿಸಬೇಕೆನಿಸಿತು. ಆದರೆ ಮನೆ ಬೇಕಿತ್ತಲ್ಲ, ನುಂಗಿಕೊಂಡೆ. ಇಬ್ಬರೂ ಹೊರಟ ಮೇಲೆ ಪಕ್ಕದ ಭಾಗ ತೋರಿಸು ಎಂದೆ.

ಚೆಂದದ ಜಾಗ. ಬೇರೆ ಬಾಗಿಲು, ಒಂದು ಬೆಡ್‌ರೂಮು, ಕಿಟಕಿಯಿರುವ ಅಡುಗೆಮನೆ. ನಮಗೆ ಬೇಕು, ಹೆಂಡತಿ ಮಗಳು ಬರುವವರಿದ್ದಾರೆ ಎಂದೆ. ಅವನ ಮುಖ ಗೋಡೆಗೆ ತಿರುಗಿತು.

"ನಿನಗ ಇಲ್ಲ ಅನ್ನಾಕ ಆಗತೈತೇನೋ. ಆದ್ರ ನೋಡು, ಗಾಳಿ ಆಡೂ ವೆಂಟ್ ಎಲ್ಲಾ ಒಂದ ಇಲ್ಲಿ. ಕೆಳಗ ಮಾಡಿದ್ದು ಮ್ಯಾಲೆ ಬರತೈತಿ. ಅವ್ವ ಬ್ಯಾರೆ ಬರಾಕಿ ಅದಾಳ. ನೀವು ತಿನ್ನೋ ಮಂದಿ."

"ಏನ್ ತಿನ್ನೋ ಮಂದಿ?" ಎಂದೆ.

"ಅದ, ಗೊತ್ತೈತಲ್ಲ."

"ನನಗ ಗೊತ್ತಿಲ್ಲ. ನೀ ಹೇಳು. ಏನ್ ತಿಂತೀವಿ ನಾವು?"

ಅವನು ಕೈಯಲ್ಲಿದ್ದ ಕೀಲಿ ತಿರುವಿದ. ಕೊನೆಗೆ ಇಂಗ್ಲಿಷಿನಲ್ಲಿ, "ನಾನ್‌ವೆಜ್," ಎಂದ.

"ಆಟದಾಗ ಬೆರಳ ಮಾಡಿ ತಗೋ ತಗೋ ಅಂತಿದ್ದೆಲ್ಲ. ಈಗ ಬಾಯಾಗ ಹೆಸರ ಬರವಲ್ದೇನು?"

"ಸೆಂಟಿಮೆಂಟಲ್ ಆಗಬ್ಯಾಡೋ," ಎಂದ ಅವನು. "ಬರೇ ವೆಜ್ ಮಾಡ್ಕೊಂಡಿರ್ತೀವಿ ಅಂದ್ರ ಈಗ ಕೀಲಿ ಕೊಡ್ತೀನಿ. ತಿನ್ನಬೇಕು ಅನ್ನಿಸಿದಾಗ ಹೊರಗ ಹೋಗಿ ತಿಂದ್ ಬರ್ರಿ. ಯಾರ್ ಬ್ಯಾಡ ಅಂತಾರ?"

ಕೀಲಿ ಅವನ ಕೈಯಲ್ಲೇ ಇತ್ತು. ನನಗೆ ಬೇರೆ ಮನೆ ಇರಲಿಲ್ಲ, ಇರುವ ಲಕ್ಷಣವೂ ಇರಲಿಲ್ಲ. ಅವನು ತನ್ನ ಪಾಲು ಬಿಟ್ಟುಕೊಟ್ಟನೆಂದು ಅಷ್ಟು ವರ್ಷ ಹೊತ್ತು ತಿರುಗಿದ್ದೆ. ಅವನು ಬಿಟ್ಟುಕೊಟ್ಟದ್ದೇನು ಮಣ್ಣು? ಮುಟ್ಟಲು ಹೇಸುವುದನ್ನು ನನ್ನ ಕಡೆ ಕಾಲಿನಿಂದ ಸರಿಸಿದ್ದ.

"ನಿನ್ನ ಮನಿ ನೀನ ಇಟ್ಕೋ," ಎಂದೆ. "ಆ ಮಶೀನಿಗೆ ವೆಂಟ್ ಇಲ್ಲ ನೋಡು, ಅದಕ್ಕ ಅದರಾಗಿನ ಕೋಳಿ ನಿನಗ ನಡೀತೈತಿ." ಸ್ಟೇಷನ್ನಿಗೆ ಬಿಡುತ್ತೇನೆಂದ. ನಿನ್ನ ಕಾರು ವಾಸನೆ ಬಡಿದೀತು ಎಂದು ಹೇಳಿ ಹೊರಬಿದ್ದೆ. ಬಿಸಿಲಿನಲ್ಲಿ ನಡೆದೇ ಹೋದೆ, ದಾರಿಯುದ್ದಕ್ಕೂ ನನಗೆ ಬರುವ ಬೈಗುಳಗಳನ್ನೆಲ್ಲ ಬೈದುಕೊಂಡು.

ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಛಲೋ ಮಾಡಿದ್ರಿ," ಎಂದಳು. "ಬಂದ್ ಮ್ಯಾಲೆ ಗೊತ್ತಾಗಿದ್ರ ಏನ್ ಮಾಡತಿದ್ವಿ?"

ಕೊನೆಗೆ ಮನೆ ಸಿಕ್ಕಿದ್ದು ವೇರ್‌ಹೌಸಿನ ಸೂಪರ್‌ವೈಸರಿನಿಂದ. ಜಮೈಕಾ ಮೂಲದ ಹೆಂಗಸು, ಬಾಯಿ ತೆರೆದರೆ ಬೈಗುಳ, ನನ್ನನ್ನು ಯಾವತ್ತೂ ಹೊಗಳಿದವಳಲ್ಲ. ನನ್ನ ಪಾಡು ಕೇಳಿ ನಾರ್ತ್ ಯಾರ್ಕಿನ ಹಳೆಯ ಹೈರೈಸಿನ ಒಂದು ಅಪಾರ್ಟ್‌ಮೆಂಟಿಗೆ ತಾನೇ ಜಾಮೀನು ನಿಂತಳು. ಅವಳು ಕೇಳಿದ್ದು, ಇನ್ನು ಮೇಲಾದರೂ ಶಿಫ್ಟಿಗೆ ಸರಿಯಾಗಿ ಬರುತ್ತೀಯಾ ಎಂದಷ್ಟೇ. ಬಿಲ್ಡಿಂಗಿನ ಮ್ಯಾನೇಜರನಿಗೆ ನಾನೇ ಬಾಯಿ ಬಿಟ್ಟು, ನಾವು ಕೋಳಿ, ಕುರಿ, ಮೀನು ಎಲ್ಲ ಅಡುಗೆ ಮಾಡುತ್ತೇವೆ ಎಂದು ಹೇಳಿದೆ. ಅವನು, ಅದನ್ನು ನನಗ್ಯಾಕೆ ಹೇಳುತ್ತಿದ್ದೀಯ ಎನ್ನುವ ಹಾಗೆ ನೋಡಿದ. ಆ ನೋಟದಿಂದ ನನಗಾದ ಸಂತೋಷ ಇಷ್ಟಿಷ್ಟಲ್ಲ.

ಅವರಿಬ್ಬರೂ ಬಂದಿಳಿದ ಮೊದಲ ಭಾನುವಾರ ಕೋಳಿ ತಂದೆ. ಇಲ್ಲಿ ಯಾರದೂ ಹಂಗಿಲ್ಲ, ಕೇಳಿಯೇ ಹಿಡಿದ ಮನೆ ಎಂದು ಹೆಂಡತಿಗೆ ಮತ್ತೊಮ್ಮೆ ಹೇಳಿ, ಬಟ್ಟೆಗಳನ್ನು ತೆಗೆದುಕೊಂಡು ಕೆಳಗಿನ ಲಾಂಡ್ರಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ನಮ್ಮ ಕಾರಿಡಾರಿನಲ್ಲಿ ಸ್ಮೋಕ್ ಅಲಾರಮ್ಮಿನ ಚೀರಾಟ. ಅದು ನಮ್ಮ ಮನೆಯದೇ.

ಬಾಗಿಲು ತಳ್ಳಿದರೆ ಸುಲಭಕ್ಕೆ ತೆರೆಯಲಿಲ್ಲ. ಬುಡದ ಸಂದಿಗೆ ಒದ್ದೆ ಟವೆಲ್ ಒತ್ತಿಟ್ಟಿತ್ತು. ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು, ಪರದೆ ಎಳೆದಿತ್ತು, ಒಲೆಯ ಮೇಲಿನ ಫ್ಯಾನು ಬಂದ್ ಆಗಿತ್ತು, ಮನೆ ತುಂಬ ಮಸಾಲೆಯ ಹೊಗೆ. ಹುಬ್ಬಳ್ಳಿಯ ಬಾಡಿಗೆ ಮನೆಗಳಲ್ಲಿ ಕೋಳಿ ಬೇಯಿಸುವಾಗ ಅವಳು ಮಾಡುತ್ತಿದ್ದದ್ದೇ ಹೀಗೆ. ಅವಳ ಕೈಗಳು ನನ್ನ ಮಾತು ಕೇಳಿರಲಿಲ್ಲ. ನಾನು ಟವೆಲ್ಲನ್ನು ಒದ್ದು, ಕಿಟಕಿ ತೆರೆದು, ಸಿಕ್ಕ ಬಟ್ಟೆಯಿಂದ ಅಲಾರಮ್ಮಿನ ಕೆಳಗೆ ಗಾಳಿ ಬೀಸಿದೆ. ಅದು ಸುಮ್ಮನಾಗುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಪಕ್ಕದ ಮನೆಯ ಮುದುಕಿ, ಮನೆಯೊಳಗಿನ ಚಪ್ಪಲಿಯಲ್ಲೇ ಗಾಬರಿಯಿಂದ ಬಂದಿದ್ದಳು. ಎಲ್ಲರೂ ಸರಿಯಾಗಿದ್ದೀರಾ ಎಂದು ಕೇಳಿದಳು. ನನಗಿಂತ ಮೊದಲೇ ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಾಗಿಲಿಗೆ ಅಡ್ಡ ನಿಂತಳು. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. "ಸಾರಿ ಮೇಡಂ," ಎಂದಳು. "ವೆಜಿಟೇಬಲ್. ಓನ್ಲಿ ವೆಜಿಟೇಬಲ್."

ಮುದುಕಿಗೆ ತಲೆಬುಡ ಅರ್ಥವಾಗಲಿಲ್ಲ. ಮೂಗು ಎಳೆದುಕೊಂಡು, ವಾಸನೆ ಬಹಳ ಚೆನ್ನಾಗಿದೆ, ಚಿಕನ್ನಾ ಎಂದು ನಕ್ಕಳು.

"ನೋ, ನೋ," ಎಂದಳು ಹೆಂಡತಿ. "ವೆಜಿಟೇಬಲ್."

ಅವಳ ಹಿಂದೆ ಸೀರೆ ಹಿಡಿದು ನಿಂತಿದ್ದ ಮಗಳು ಮುದುಕಿಯನ್ನೇ ನೋಡುತ್ತ, ಅವ್ವ ಹೇಳಿದ್ದೇ ಖರೆ ಎನ್ನುವ ಹಾಗೆ ಹೌದು ಹೌದು ಎಂದು ತಲೆಯಾಡಿಸಿದಳು.