ಪದ್ಮನಾಭ ಸರ್ ಮತ್ತು ಕಾಣೆಯಾದ ಮೂಡುಬಿದಿರೆ

ಮೇ ತಿಂಗಳಲ್ಲಿ, ಬಿ.ಸಿ.ರೋಡ್ ಪೇಟೆಯ ಟಾರು ಕರಗಿ ಚಪ್ಪಲಿಗೆ ಅಂಟುವ ಮಧ್ಯಾಹ್ನ, ಉಣ್ಣೆಯ ಸ್ವೆಟರ್ ತೊಟ್ಟು ಮಂಕಿ ಕ್ಯಾಪಿನಿಂದ ಕಿವಿ ಮುಚ್ಚಿಕೊಂಡು ಚಹಾ ಕುಡಿಯಲು ಬರುವ ಮನುಷ್ಯ ಇಡೀ ತಾಲೂಕಿನಲ್ಲಿ ಒಬ್ಬರೇ ಇದ್ದರು. ಅವರು ನಮ್ಮ ಪದ್ಮನಾಭ ಸರ್. ಜ್ವರವೇ ಎಂದು ಹೊಸಬರು ಕೇಳಿದರೆ, "ಜ್ವರ ಅಲ್ಲ ಮಾರಾಯ, ಕಂಪ್ಯೂಟರ್" ಎನ್ನುತ್ತಿದ್ದರು. ಎ.ಸಿ. ಕೋಣೆಯಿಂದ ಹೊರಗೆ ಬಂದ ಮೇಲಾದರೂ ಸ್ವೆಟರ್ ಬಿಚ್ಚಬಹುದಿತ್ತು. ಆದರೆ ಬಿಚ್ಚಿದರೆ, ಎ.ಸಿ. ಕೋಣೆಯಿಂದ ಬಂದವರು ಇವರೇ ಎಂದು ಹೋಟೆಲಿನವರಿಗೆ ತಿಳಿಯುವುದು ಹೇಗೆ?

ಕಾಮತರು ತಮ್ಮ ಬಟ್ಟೆ ಅಂಗಡಿಯ ಮಹಡಿಯಲ್ಲಿ ನಡೆಸುತ್ತಿದ್ದ ಟೈಪಿಂಗ್ ಶಾಲೆಗೆ ಅವರು ಪ್ರಿನ್ಸಿಪಾಲರು. ಪ್ರಿನ್ಸಿಪಾಲ್ ಎಂಬುದು ಅವರೇ ಬಾಗಿಲ ಮೇಲೆ ಬರೆಸಿಕೊಂಡ ಪದವಿ. ಆಗ ಅಲ್ಲಿ ಬೇರೆ ಮಾಸ್ತರರೇ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನೂ ಅಲ್ಲೇ ಟೈಪಿಂಗ್ ಕಲಿತೆ. ಒಂದು ಅಕ್ಷರ ತಪ್ಪಿದರೆ ಇಡೀ ಪುಟವನ್ನು ಮತ್ತೆ ಹೊಡೆಸುತ್ತಿದ್ದರು. "ಒಂದು ಅಕ್ಷರ ಅಲ್ವಾ ಸರ್" ಎಂದು ಒಮ್ಮೆ ಗೊಣಗಿದ್ದಕ್ಕೆ, "ಹೌದು, ಒಂದೇ ಅಕ್ಷರ. ನಿನ್ನ ಅಪ್ಪನ ಹೆಸರಿನಲ್ಲಿ ಒಂದು ಅಕ್ಷರ ತೆಗೆದು ನೋಡುವ, ಮನೆಗೆ ಸೇರಿಸಿಕೊಳ್ತಾರಾ ಅಂತ" ಎಂದಿದ್ದರು. ಆ ಪುಟವನ್ನು ನಾನು ಸಂಜೆಯವರೆಗೆ ಹೊಡೆದೆ. ಅದರ ಫಲವಾಗಿ ಕೆಲವು ವರ್ಷಗಳ ನಂತರ ಅದೇ ಶಾಲೆಯಲ್ಲಿ ನನಗೆ ಅವರ ಕೈಕೆಳಗೆ ಕೆಲಸವೂ ಸಿಕ್ಕಿತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ, ಮುಂಬಯಿಯ ಯಾವುದೋ ಆಫೀಸಿನವರು ಮಾರಿದ ಮೂರು ಹಳೆಯ ಕಂಪ್ಯೂಟರುಗಳನ್ನು ಕಾಮತರು ಲಾರಿಯಲ್ಲಿ ತರಿಸಿದರು. ಸೀರೆಯ ಗೋದಾಮನ್ನು ಖಾಲಿ ಮಾಡಿ ಎ.ಸಿ. ಹಾಕಿಸಿದರು. ಪದ್ಮನಾಭ ಸರ್ ಮುಂಬಯಿಗೆ ಹೋಗಿ ಹದಿನೈದು ದಿನ ತರಬೇತಿ ಪಡೆದು, ಆ ಸ್ವೆಟರಿನೊಂದಿಗೆ ಮರಳಿದರು. ಅಲ್ಲಿ ಅವರು ಕಲಿತದ್ದರಲ್ಲಿ ಕೊನೆಯವರೆಗೂ ಉಳಿದದ್ದು ಅದೊಂದೇ.

ಮೂರೂ ಯಂತ್ರಗಳನ್ನು ಒಂದು ಕಪ್ಪು ಕೇಬಲಿನಿಂದ ಜೋಡಿಸಿದ್ದರು. ಒಂದೊಂದಕ್ಕೂ ಒಂದು ಉದ್ದದ ನಂಬರು. ಅದನ್ನು ನೆನಪಿಡುವುದು ಕಷ್ಟವೆಂದು ಹೆಸರಿಡುವ ಪದ್ಧತಿ. ಯಾವ ಹೆಸರಿಗೆ ಯಾವ ನಂಬರು ಎಂಬುದನ್ನು ಪ್ರತಿ ಯಂತ್ರದೊಳಗೂ ಬೇರೆ ಬೇರೆಯಾಗಿ ಟೈಪ್ ಮಾಡಿಡಬೇಕು. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ತಾನಾಗಿ ತಿಳಿಯುವುದಿಲ್ಲ. ಈ ಒಂದು ವಿಷಯದಲ್ಲಿ ಅವು ಥೇಟು ನಮ್ಮ ಸರಕಾರಿ ಕಚೇರಿಗಳ ಹಾಗೆ. ಸರ್ ತೆಂಗಿನಕಾಯಿ ಒಡೆದು, ಪರದೆಗಳಿಗೆ ಕುಂಕುಮ ಹಚ್ಚಿ ನಾಮಕರಣ ಮಾಡಿದರು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಮೂಡುಬಿದಿರೆ ಅವರ ಸ್ವಂತ ಊರಾದ್ದರಿಂದ ಪ್ರಿಂಟರ್ ಇದ್ದ ಯಂತ್ರಕ್ಕೆ ಆ ಗೌರವ. ಹೆಸರುಗಳನ್ನು ಒಳಗೆ ಬರೆಯುವ ಕೆಲಸವನ್ನು ನನಗೆ ಬಿಡಲಿಲ್ಲ. "ಇದು ಜವಾಬ್ದಾರಿಯ ಕೆಲಸ. ನಾನೇ ಮಾಡ್ತೇನೆ" ಎಂದು, ದಿನಕ್ಕೊಂದರಂತೆ, ಮನಸ್ಸು ಬಂದಾಗ ಬರೆದರು.

ವಾರ ಕಳೆಯುವುದರೊಳಗೆ ರಗಳೆ ಶುರುವಾಯಿತು. ಪುಂಜಾಲಕಟ್ಟೆಯಿಂದ ಕಲಿಯಲು ಬರುತ್ತಿದ್ದ ಜಯಂತಿ ಎಂಬ ಹುಡುಗಿ ಬೆಳ್ತಂಗಡಿಯ ಮುಂದೆ ಕೂತು, ಮೂಡುಬಿದಿರೆಯ ಹೆಸರು ಹೊಡೆದು ಪ್ರಿಂಟ್ ಕೊಟ್ಟಳು. ಅಂಥ ಹೆಸರಿನ ಯಂತ್ರವೇ ಇಲ್ಲ ಎಂದು ಪರದೆ ಹೇಳಿತು.

"ಸರ್, ಬೆಳ್ತಂಗಡಿಗೆ ಮೂಡುಬಿದಿರೆ ಗೊತ್ತಿಲ್ಲವಂತೆ."

"ಗೊತ್ತಿಲ್ಲದೆ ಎಂತ? ನಡುವೆ ಎಷ್ಟು ಬಸ್ಸು ಉಂಟು!" ಎಂದರು ಸರ್.

ರೋಗ ಯಾವುದೇ ಇರಲಿ, ಅವರ ಚಿಕಿತ್ಸೆಯ ಕ್ರಮ ಒಂದೇ. "ಮೊದಲು ಧೂಳು, ಆಮೇಲೆ ವೋಲ್ಟೇಜು, ಆಮೇಲೆ ಮನುಷ್ಯ." ಧೂಳು ಒರೆಸಿದ್ದಾಯಿತು. ಹೊಸ ಸ್ಟೆಬಿಲೈಸರ್ ಬಂತು. ಜಯಂತಿಗೆ ಬೈದದ್ದೂ ಆಯಿತು. ಕೊನೆಗೆ ಗೋಡೆ ಒಡೆಸಿ ಕೇಬಲನ್ನೇ ಬದಲಾಯಿಸಿದರು. ಕೆಳಗೆ ಮದುವೆಗೆಂದು ಆರಿಸಿಟ್ಟ ರೇಷ್ಮೆ ಸೀರೆಗಳ ಮೇಲೆ ಸುಣ್ಣ ಉದುರಿ, ಕಾಮತರು ಮಹಡಿ ಹತ್ತಿ ಬಂದರು. "ಪದ್ಮನಾಭರೇ, ನಿಮ್ಮ ಮೂಡುಬಿದಿರೆಯನ್ನು ಹುಡುಕಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಅಂಗಡಿಯನ್ನು ಅಗೆದು ಹುಡುಕಬೇಡಿ!"

ಹೊಸ ಕೇಬಲಿಗೂ ಮೂಡುಬಿದಿರೆ ಸಿಗಲಿಲ್ಲ. ಸರ್ ಊಟಕ್ಕೆ ಹೋದಾಗ ನಾನು ಹೆಸರು ಬಿಟ್ಟು ನಂಬರನ್ನೇ ಹೊಡೆದು ನೋಡಿದೆ. ಪ್ರಿಂಟ್ ಸಲೀಸಾಗಿ ಬಂತು. ಅಂದರೆ ದಾರಿ ಸರಿ ಇತ್ತು. ಹೆಸರಿನಲ್ಲೇ ಏನೋ ಎಡವಟ್ಟು. ಒಳಗೆ ತೆರೆದು ನೋಡಿದರೆ, ಇಂಗ್ಲಿಷಿನಲ್ಲಿ ಬರೆದ ಮೂಡುಬಿದಿರೆ ಬಂಟ್ವಾಳದಲ್ಲಿ ಎರಡು 'ಓ' ಹಾಕಿಕೊಂಡಿತ್ತು, ಬೆಳ್ತಂಗಡಿಯಲ್ಲಿ ಒಂದು 'ಯು' ಹಾಕಿಕೊಂಡಿತ್ತು, ಸ್ವತಃ ಮೂಡುಬಿದಿರೆಯಲ್ಲಿ ನಡುವೆ ಒಂದು 'ಎ' ಸೇರಿಸಿಕೊಂಡು ಕೂತಿತ್ತು. ಒಂದಕ್ಷರಕ್ಕೆ ಇಡೀ ಪುಟ ಹೊಡೆಸಿದ ಗುರುಗಳ ಕೈಕೆಲಸ!

ಅವರು ಬಂದ ಮೇಲೆ ಆದಷ್ಟು ವಿನಯದಿಂದ ವಿಷಯ ತಿಳಿಸಿದೆ.

"ಅಂದರೆ ನನ್ನ ಊರಿನ ಸ್ಪೆಲ್ಲಿಂಗ್ ನನಗೆ ಬರುವುದಿಲ್ಲ ಅಂತ ನೀನು ಹೇಳುವುದಾ?"

"ಹಾಗಲ್ಲ ಸರ್. ನಿಮಗೆ ಮೂರು ಸ್ಪೆಲ್ಲಿಂಗ್ ಬರ್ತದೆ. ಅದೇ ತೊಂದರೆ."

ಅವರು ಮಂಕಿ ಕ್ಯಾಪನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. "ಎಲ್ಲ ಕಡೆ ಒಂದೇ ಆಗಬೇಕು, ಒಪ್ಪಿದೆ. ಆದರೆ ಸರಿಯಾದದ್ದೇ ಆಗಬೇಕು. ಸರಿಯಾದದ್ದು ಯಾವುದು ಅಂತ ನಾನು ನೋಡ್ತೇನೆ. ಅಲ್ಲಿವರೆಗೆ ಯಾರೂ ಮುಟ್ಟಬಾರದು" ಎಂದು ಹೆಸರುಗಳ ಪಟ್ಟಿಗೆ ಪಾಸ್‌ವರ್ಡ್ ಹಾಕಿ ಬಿಗಿಮಾಡಿಬಿಟ್ಟರು.

ಅಲ್ಲಿಂದ ಸಂಶೋಧನೆ ಆರಂಭವಾಯಿತು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಸ್ಸುಗಳ ಬೋರ್ಡು ಓದತೊಡಗಿದರು. ಒಂದು ಬಸ್ಸಿನ ಮುಂದೆ ಒಂದು ಸ್ಪೆಲ್ಲಿಂಗ್ ಇದ್ದರೆ ಅದೇ ಬಸ್ಸಿನ ಹಿಂದೆ ಇನ್ನೊಂದು. ಸರ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಓಡಾಡುವುದನ್ನು ನೋಡಿ ರೋಸಿದ ಕಂಡಕ್ಟರ್, "ಹತ್ತುವುದಾದರೆ ಹತ್ತಿ ಸಾರ್, ಓದುವುದಾದರೆ ಲೈಬ್ರರಿಗೆ ಹೋಗಿ" ಎಂದು ಸೀಟಿ ಊದಿದ. ತೀರ್ಪು ಮಾತ್ರ ಹೊರಬೀಳಲಿಲ್ಲ. ಉದ್ದದ ನಂಬರು ನೆನಪಿನಲ್ಲಿ ನಿಲ್ಲದ ಮಕ್ಕಳು, ಯಾವ ಯಂತ್ರದಲ್ಲಿ ಕೂತರೆ ಮೂಡುಬಿದಿರೆಯನ್ನು ಏನೆಂದು ಕರೆಯಬೇಕು ಎಂಬುದನ್ನು ಬಾಯಿಪಾಠ ಮಾಡಿಕೊಂಡರು. ನಮ್ಮ ಶಾಲೆಯಲ್ಲಿ ಆ ವರ್ಷ ಕಲಿಸಿದ ಕಂಪ್ಯೂಟರ್ ವಿಜ್ಞಾನವೆಂದರೆ ಅದು.

ಹಾಗಿರುವಾಗ ನಮ್ಮ ಶಾಲೆಯೇ ಕೇಂದ್ರವಾಗಿದ್ದ ಸರ್ಟಿಫಿಕೇಟ್ ಪರೀಕ್ಷೆ ಬಂತು. ಮಂಗಳೂರಿನಿಂದ ಬಂದ ಪರೀಕ್ಷಕರು ನಗುವಿಗೂ ಅನುಮತಿ ಬೇಕೆನ್ನುವಂಥವರು. ಜಯಂತಿಗೆ ಅಂದು ಪಾಸಾಗಲೇಬೇಕಿತ್ತು. ಅವಳ ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದರು. ಸರ್ಟಿಫಿಕೇಟ್ ತಂದರೆ ಕೆಲಸ ಕೊಡುತ್ತೇವೆಂದು ಮಂಗಳೂರಿನ ಒಂದು ಆಫೀಸಿನವರು ಮಾತು ಕೊಟ್ಟಿದ್ದರು. ಅವಳ ಪಾಲಿಗೆ ಬಂದದ್ದು ಬೆಳ್ತಂಗಡಿ. ಪ್ರಶ್ನೆಪತ್ರಿಕೆಯಲ್ಲಿ ಪ್ರಿಂಟರಿನ ಹೆಸರಿಗೆಂದು ಬಿಟ್ಟ ಜಾಗದಲ್ಲಿ ಸರ್ ತುಂಬಿಸಿದ್ದು ಎರಡು 'ಓ'ಗಳ ಮೂಡುಬಿದಿರೆ. ಹೆದರಿದ ಹುಡುಗಿ ಬಾಯಿಪಾಠವೆಲ್ಲ ಮರೆತು, ಎದುರಿಗಿದ್ದದ್ದನ್ನು ಇದ್ದ ಹಾಗೆಯೇ ಹೊಡೆದಳು. ಇಲ್ಲ ಎಂದಿತು ಪರದೆ. ಮತ್ತೆ ಹೊಡೆದಳು. ಮತ್ತೆ ಇಲ್ಲ.

"ಈ ಅಭ್ಯರ್ಥಿಗೆ ಪ್ರಿಂಟ್ ಕೊಡಲಿಕ್ಕೆ ಬರುವುದಿಲ್ಲ" ಎಂದು ಪರೀಕ್ಷಕರು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಬಾಗಿಲಲ್ಲಿ ನಿಂತಿದ್ದ ಕಾಮತರು ಸರ್ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ಅರ್ಥ ಸ್ಪಷ್ಟವಿತ್ತು: ಯಂತ್ರದ್ದೇ ದೋಷವೆಂದರೆ ನಮ್ಮ ಪರೀಕ್ಷಾ ಕೇಂದ್ರ ಹೋಗುತ್ತದೆ, ಸುಮ್ಮನಿರಿ. ಸರ್ ಅದನ್ನು ನೋಡಿದರು. ನೋಡಿದ್ದನ್ನು ನಾನೂ ನೋಡಿದೆ. ಇನ್ನೇನು, ವೋಲ್ಟೇಜು ಎನ್ನುತ್ತಾರೆ ಎಂದುಕೊಂಡೆ.

"ಸಾರ್, ಪೆನ್ನು ಕೆಳಗಿಡಿ" ಎಂದರು ಪದ್ಮನಾಭ ಸರ್. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. "ಹುಡುಗಿ ಹೊಡೆದದ್ದು ಸರಿ ಉಂಟು. ಒಳಗೆ ತಪ್ಪು ಬರೆದವ ನಾನು. ಒಂದು ಊರಿಗೆ ಮೂರು ಹೆಸರು ಬರೆದಿದ್ದೇನೆ. ಇವನು ಹೇಳಿದ್ದ, ನಾನು ಕೇಳಲಿಲ್ಲ."

"ಹಾಗಾದರೆ ಸರಿ ಮಾಡಿ ತೋರಿಸಿ" ಎಂದರು ಪರೀಕ್ಷಕರು.

ಕಣ್ಣು ಮುಚ್ಚಿ ಟೈಪ್ ಮಾಡುತ್ತಿದ್ದ ಮನುಷ್ಯ ಅಂದು ಒಂದೊಂದೇ ಕೀಲಿಯನ್ನು ಹುಡುಕಿ ಒತ್ತಿದರು. ಒತ್ತುವ ಮೊದಲು ಅಕ್ಷರವನ್ನು ಗಟ್ಟಿಯಾಗಿ ಹೇಳಿದರು, ಒಂದನೇ ಕ್ಲಾಸಿನ ಮಗುವಿನಂತೆ. ಎದ್ದು, "ಈಗ ಕೊಡು ಮಗಾ" ಎಂದರು. ಜಯಂತಿ ಕೊಟ್ಟಳು. ಮೂಲೆಯಲ್ಲಿ ಪ್ರಿಂಟರ್ ಕಿರುಚಿಕೊಂಡು ಕಾಗದ ಉಗುಳಲು ಶುರುಮಾಡಿತು. ಅಷ್ಟು ಕರ್ಕಶವಾದ ಸದ್ದು ಅಷ್ಟು ಇಂಪಾಗಿ ಕೇಳಿದ್ದನ್ನು ನಾನು ಬೇರೆ ಕಾಣೆ. ಅವಳು ಪಾಸಾದಳು.

ಆದರೆ ಪರೀಕ್ಷಾ ಕೇಂದ್ರ ಹೋಯಿತು. ಕಾಮತರು ಸಣ್ಣ ಮನುಷ್ಯರಲ್ಲ, ಬೈಯಲಿಲ್ಲ. ಸಭೆ ಕರೆದು, ಹಾರ ಹಾಕಿ, ತಮ್ಮದೇ ಅಂಗಡಿಯ ಶಾಲು ಹೊದಿಸಿ, "ಪದ್ಮನಾಭರ ಆರೋಗ್ಯಕ್ಕೆ ವಿಶ್ರಾಂತಿ ಅಗತ್ಯ" ಎಂದು ಭಾಷಣ ಮಾಡಿದರು. ತಮ್ಮ ಆರೋಗ್ಯಕ್ಕೆ ಏನೋ ಆಗಿದೆಯೆಂದು ಸರ್‌ಗೂ ಆ ಸಭೆಯಲ್ಲೇ ತಿಳಿದದ್ದು.

ಮರುವರ್ಷ ಯಾವುದೋ ಕೆಲಸಕ್ಕೆ ಮೂಡುಬಿದಿರೆಗೆ ಹೋದವನು ವಿಚಾರಿಸಿಕೊಂಡು ಅವರಲ್ಲಿಗೆ ಹೋದೆ. ಹಂಚಿನ ಮಾಡಿನ ಒಂದು ಕೋಣೆಯಲ್ಲಿ ನಾಲ್ಕು ಟೈಪ್‌ರೈಟರ್ ಇಟ್ಟುಕೊಂಡು ಕಲಿಸುತ್ತಿದ್ದರು. ಅವರನ್ನು ಚೆನ್ನಾಗಿ ತಮಾಷೆ ಮಾಡಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದೆ. ಅವರು ತೆಳ್ಳಗಾಗಿದ್ದರು. ಬೇರೆ ಸುದ್ದಿ ತೆಗೆದೆ.

"ಸರ್, ಜಯಂತಿಗೆ ಆ ಕೆಲಸ ಸಿಕ್ಕಿತಂತೆ. ತಾಯಿಯನ್ನೂ ಮಂಗಳೂರಿಗೆ ಕರೆದುಕೊಂಡು ಹೋಗಿದ್ದಾಳಂತೆ."

"ಯಾವ ಜಯಂತಿ?"

ಪರೀಕ್ಷೆಯ ದಿನದ ಸಂಗತಿಯನ್ನು ನೆನಪಿಸಿದೆ. ಅವರು ಕಿಟಕಿಯ ಕಡೆ ನೋಡುತ್ತ ಯೋಚಿಸಿದರು. "ಓ... ಆ ಪುಂಜಾಲಕಟ್ಟೆಯ ಹುಡುಗಿಯಾ? ಅವಳಿಗೆ ಎಡಗೈಯ ಕಿರುಬೆರಳು ಸ್ವಲ್ಪ ನಿಧಾನ ಇತ್ತು. ಈಗ ಸರಿಯಾಗಿದೆಯಾ?"

"ಗೊತ್ತಿಲ್ಲ ಸರ್."

"ಸಿಕ್ಕಿದರೆ ಕೇಳು" ಎಂದು ಅವರು ಪಾಠಕ್ಕೆ ಎದ್ದರು.

ಮಳೆಗಾಲ ಕಳೆದು ಮತ್ತೆ ಹೋದಾಗ ಆ ಕೋಣೆಯಲ್ಲಿ ಒಬ್ಬ ಟೈಲರ್ ಕೂತಿದ್ದ. "ಮಾಸ್ಟ್ರು ಶ್ರಾವಣದಲ್ಲೇ ತೀರಿಹೋದರಲ್ಲ, ನಿಮಗೆ ಗೊತ್ತಾಗಲಿಲ್ವಾ?" ಎಂದ. ಕಿರುಬೆರಳಿನ ವಿಷಯ ಕೇಳಲು ಜಯಂತಿ ನನಗೆ ಇನ್ನೂ ಸಿಕ್ಕಿರಲಿಲ್ಲ.